ಹೊಡೆಯುವುದು ಆಮೇಲೆ, ಮೊದಲು ಕಣ್ಣು ಬಿಡಲಿ

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ತುಂಬಾ ಪುಕ್ಕಲು. ಸ್ಕೂಲ್ ಬಸ್ಸಿನಲ್ಲಿ ಇಬ್ಬರು ದೊಡ್ಡ ಹುಡುಗರು ದಿನಾ ಅವನ ಡಬ್ಬಿ ಕಿತ್ತುಕೊಂಡು ತಿನ್ನುತ್ತಾರೆ, ಇವನು ತುಟಿ ಪಿಟಕ್ ಎನ್ನುವುದಿಲ್ಲ. ಬಾಕ್ಸಿಂಗ್‌ಗೆ ಸೇರಿಸಿದರೆ ಧೈರ್ಯ, ಶಿಸ್ತು ಎರಡೂ ಬರುತ್ತದೆ ಅಂತ ನಮ್ಮ ಯಜಮಾನರು. ಮೂಗು ಮುರಿದುಕೊಂಡು ಬರುತ್ತಾನೆ, ಇಲ್ಲವೇ ರೌಡಿಯಾಗುತ್ತಾನೆ ಅಂತ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ತಾಯಿ, ಮೊದಲು ಬಸ್ಸಿನ ವಿಷಯ ಮುಗಿಸೋಣ. ಅದಕ್ಕೂ ಬಾಕ್ಸಿಂಗ್‌ಗೂ ಗಂಟು ಹಾಕಬೇಡಿ. ನಾಳೆಯೇ ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ಬಸ್ ಡ್ರೈವರ್‌ಗೂ ಒಂದು ಮಾತು ಹೇಳಿ. ಡಬ್ಬಿ ಕಾಯುವುದು ದೊಡ್ಡವರ ಕೆಲಸ. ಅದಕ್ಕಾಗಿ ಹುಡುಗನ ಕೈಗೆ ಗ್ಲೌಸ್ ಹಾಕಿಸುವುದು ಸರಿಯಲ್ಲ.

ಹಾಗಂತ ಸಿಟ್ಟಿಟ್ಟುಕೊಂಡು ಬರುವವರು ಬಾಕ್ಸರ್ ಆಗುವುದಿಲ್ಲ ಅಂತಲ್ಲ. 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ 12 ವರ್ಷದ ಹುಡುಗನೊಬ್ಬನ ಹೊಸ ಸೈಕಲ್ ಕಳುವಾಯಿತು. ಕಳ್ಳನನ್ನು ಚಚ್ಚುತ್ತೇನೆ ಅಂತ ಅಳುತ್ತಾ ಪೊಲೀಸಿನವನ ಹತ್ತಿರ ಹೋದ. ಆ ಪೊಲೀಸಪ್ಪ ಬಾಕ್ಸಿಂಗ್ ಕಲಿಸುತ್ತಿದ್ದವನು. ಮೊದಲು ಹೊಡೆದಾಡುವುದನ್ನು ಕಲಿ ಅಂದ. ಆ ಹುಡುಗನೇ ಮುಂದೆ ಮುಹಮ್ಮದ್ ಅಲಿ. 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ ಗೆದ್ದ.

ಈಗ ಮಕ್ಕಳಿಗೆ ಬಾಕ್ಸಿಂಗ್ ಕಲಿಸುವ ನಾನೂ ಸಿಟ್ಟಿನಿಂದಲೇ ಶುರು ಮಾಡಿದವನು. 19ಕ್ಕೆ ಸೇನೆ ಸೇರಿದೆ. ಬ್ಯಾರಕ್‌ನಲ್ಲಿ ಒಬ್ಬ ನನ್ನ ಹಿಂದಿ ಕೇಳಿ ದಿನಾ ಆಡಿಕೊಳ್ಳುತ್ತಿದ್ದ. ಅವನಿಗೆ ಒಂದು ಬಿಗಿಯಬೇಕು ಅಂತಲೇ ಬಾಕ್ಸಿಂಗ್‌ಗೆ ಹೆಸರು ಕೊಟ್ಟೆ. ನಮ್ಮ ಉಸ್ತಾದ್ ಮೂರು ವಾರ ಗ್ಲೌಸ್ ಮುಟ್ಟಿಸಲಿಲ್ಲ. ಬರೀ ಹಗ್ಗದಾಟ, ಕನ್ನಡಿ ಮುಂದೆ ನಿಲ್ಲುವುದು, ಬ್ಯಾಂಡೇಜ್ ಸುತ್ತುವುದು. ಒಂದೊಂದು ಕೈಗೂ ನಾಲ್ಕೂವರೆ ಮೀಟರ್ ಪಟ್ಟಿ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಸುತ್ತಿ, ಬೆರಳ ಸಂದಿಯಲ್ಲಿ ಎಳೆದು, ಗೆಣ್ಣಿನ ಮೇಲೆ ತರಬೇಕು. ಉಸ್ತಾದ್ ಬಂದು ಪಟ್ಟಿಯ ಕೆಳಗೆ ತಮ್ಮ ಕಿರುಬೆರಳು ತೂರಿಸಿ ನೋಡುತ್ತಿದ್ದರು. ತೂರಿತೋ, ಪೂರ್ತಿ ಬಿಚ್ಚಿ ಮತ್ತೆ ಸುತ್ತಬೇಕು. ಒಂದು ದಿನ ಐದು ಸಲ ಸುತ್ತಿದ್ದೇನೆ. ಶಿಸ್ತು ಅಂತ ನಿಮ್ಮ ಯಜಮಾನರು ಹೇಳುತ್ತಾರಲ್ಲ, ನನಗೆ ಅದು ಬಂದಿದ್ದು ಆ ಪಟ್ಟಿಯಿಂದ. ಮೂರು ವಾರ ಕಳೆಯುವಷ್ಟರಲ್ಲಿ ಆ ಬ್ಯಾರಕ್‌ನವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಮೈಕೈ ನೋವೇ ಜಾಸ್ತಿ ಇತ್ತು!

ಈಗ ಧೈರ್ಯದ ಮಾತು. ಹೊಸದಾಗಿ ಬರುವ ಮಕ್ಕಳೆಲ್ಲ ಒಂದೇ ತಪ್ಪು ಮಾಡುತ್ತಾರೆ. ಎದುರಿಂದ ಕೈ ಬಂದರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾರೆ. ದೊಡ್ಡ ಬಾಯಿಯವರೂ ಅಷ್ಟೇ. ನಾನು ಟೆನ್ನಿಸ್ ಬಾಲನ್ನು ದಾರಕ್ಕೆ ಕಟ್ಟಿ ಹಣೆಯ ಎತ್ತರಕ್ಕೆ ತೂಗುಬಿಡುತ್ತೇನೆ. ಅದು ಮುಖದ ಹತ್ತಿರ ಬಂದಾಗ ತಲೆ ಪಕ್ಕಕ್ಕೆ ಸರಿಯಬೇಕು, ಕಣ್ಣು ಮಾತ್ರ ಬಿಟ್ಟೇ ಇರಬೇಕು. ಹೋದ ವರ್ಷ ಒಬ್ಬ ಹುಡುಗನಿಗೆ ಇದಕ್ಕೇ ಎರಡು ತಿಂಗಳು ಹಿಡಿಯಿತು. ಒಂದು ಸಂಜೆ ಬಾಲು ಮೂಗಿಗೇ ಬಡಿಯಿತು. ಕಣ್ಣು ಬಿಟ್ಟೇ ಇದ್ದ. ‘ಸಾರ್, ಅಷ್ಟೇನಾ?’ ಅಂದ. ಅಷ್ಟೇ ಕಣೋ ಅಂದೆ. ಅವತ್ತಿನಿಂದ ಅವನು ನಿಲ್ಲುವ ರೀತಿಯೇ ಬೇರೆಯಾಯಿತು.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಮೂಗಿಗಿಂತ ನನಗೆ ಭಯ ತಲೆಯದ್ದು. ಹೆಡ್‌ಗಾರ್ಡ್ ಹಾಕಿದರೆ ಹುಬ್ಬು ಒಡೆಯುವುದು ತಪ್ಪೀತು, ಒಳಗೆ ಮಿದುಳು ಅಲುಗುವುದು ತಪ್ಪುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲಿ ಮಕ್ಕಳಿಗೆ ಈ ಆಟವೇ ಬೇಡ ಎಂದಿದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಈ ವಯಸ್ಸಿನವರಿಗೆ ತಲೆಗೆ ಹೊಡೆಯುವ ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರು ನಿಂತು ಆಡುವ ಅಭ್ಯಾಸದ ಕಾದಾಟ, ಮಾಡಿಸುವುದಿಲ್ಲ. ಭುಜ ಮುಟ್ಟುವ ಆಟ, ತೂಗುಹಾಕಿದ ಬ್ಯಾಗ್‌ಗೋ ಕೋಚ್ ಕೈಯಲ್ಲಿ ಹಿಡಿದ ಪ್ಯಾಡ್‌ಗೋ ಗುದ್ದುವುದು, ಹಗ್ಗ, ಇಷ್ಟೇ. ಸೇರಿಸುವ ಮೊದಲು ಕೋಚನ್ನು ಕೇಳಿ, ಸ್ಪಾರಿಂಗ್ ಯಾವಾಗ ಅಂತ. ‘ಮುಂದಿನ ವಾರವೇ’ ಅಂದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ.

ರೌಡಿ ವಿಷಯಕ್ಕೆ, ಅತ್ತೆಯವರಿಗೆ ಗರಡಿ ಮನೆ ನೆನಪಿಸಿ. ಮಣ್ಣಿಗೆ ಕೈ ಮುಗಿಯದೆ ಒಳಗೆ ಬಿಡುತ್ತಿದ್ದರಾ? ನಮ್ಮಲ್ಲೂ ಹೊರಗೆ ಕೈ ಮಾಡಿದವನಿಗೆ ಎರಡು ವಾರ ಗ್ಲೌಸ್ ಇಲ್ಲ, ಪೊರಕೆ ಮಾತ್ರ.

ನಿಮ್ಮ ಪತ್ರದಲ್ಲಿ ಒಂದು ಕೊರತೆ ಇದೆ. ನಿಮ್ಮ ಮಾತಿದೆ, ಯಜಮಾನರದ್ದಿದೆ, ಅತ್ತೆಯವರದ್ದೂ ಇದೆ. ಹುಡುಗನದ್ದೇ ಇಲ್ಲವಲ್ಲ? ಒಂದು ಸಂಜೆ ಸುಮ್ನೆ ಕ್ಲಾಸ್ ನೋಡಲು ಕರೆದುಕೊಂಡು ಹೋಗಿ. ಬೆಂಚಿನ ಮೇಲೆ ಕೂರಿಸಿ. ಸೇರುತ್ತೀಯಾ ಅಂತ ಕೇಳಲೇಬೇಡಿ. ಮನೆಗೆ ಬಂದ ಮೇಲೆ ಕನ್ನಡಿ ಮುಂದೆ ಗುಟ್ಟಾಗಿ ಎರಡು ಕೈ ಎತ್ತಿ ನಿಂತರೆ, ಮರುದಿನ ಕರೆದುಕೊಂಡು ಬನ್ನಿ. ನಿಲ್ಲದಿದ್ದರೆ ಅವನಿಗೆ ಈಜೋ ಚೆಸ್ಸೋ ಇಷ್ಟವಿರಬಹುದು, ಬಿಟ್ಟುಬಿಡಿ.

ಪ್ರಶ್ನೆ: ನನಗೆ 34. ಬ್ಯಾಂಕ್ ಕೆಲಸ, ಇಬ್ಬರು ಮಕ್ಕಳು. ಬಾಕ್ಸಿಂಗ್ ಕಲಿಯುವ ಆಸೆ. ನಗಬೇಡಿ, ತಡವಾಯಿತಾ?
– ಓದುಗರೊಬ್ಬರು, ಹಾಸನ

ಉತ್ತರ: ನಗುವುದೇಕಮ್ಮ? ಮೇರಿ ಕೋಮ್ ಆರನೇ ಸಲ ವಿಶ್ವ ಚಾಂಪಿಯನ್ ಆಗಿದ್ದು 2018ರಲ್ಲಿ, ದೆಹಲಿಯಲ್ಲಿ. ಆಗ ಅವರು ಮಕ್ಕಳ ತಾಯಿ, ವಯಸ್ಸು ನಿಮಗಿಂತ ಜಾಸ್ತಿ. ಹದಿಹರೆಯದಿಂದಲೇ ಆಡಿದವರು ಅನ್ನಿ, ಆ ಮಾತು ಬೇರೆ. ನಿಮಗೆ ಪದಕ ಬೇಡವಲ್ಲ. ಬಿಪಿ, ಮಂಡಿ ಒಮ್ಮೆ ಡಾಕ್ಟರಿಗೆ ತೋರಿಸಿ. ಮೂರು ನಿಮಿಷ ಬ್ಯಾಗ್, ಒಂದು ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ಮೂರು ಸುತ್ತು. ಮೊದಲ ವಾರ ಎರಡನೇ ಸುತ್ತಿಗೇ ಕೈ ಮೇಲೇಳುವುದಿಲ್ಲ, ಎಲ್ಲರಿಗೂ ಅಷ್ಟೇ. ಗ್ಲೌಸ್ ಈಗಲೇ ಕೊಳ್ಳಬೇಡಿ. ಉಗುರು ಮಾತ್ರ ಕತ್ತರಿಸಿಕೊಂಡು ಹೋಗಿ, ಮುಷ್ಟಿ ಬಿಗಿದರೆ ಅಂಗೈಗೆ ಚುಚ್ಚುತ್ತದೆ.