ಮಧುಮೇಹ ಇರುವವರಿಗೆ ಯಾವ ಬಿಪಿ ಮಾತ್ರೆ? ಮೊದಲು ಮೂತ್ರದ ವರದಿ ನೋಡಿ

ಹತ್ತು ವರ್ಷಗಳಿಂದ ಮಧುಮೇಹವಿರುವ ನಿಮ್ಮ ತಂದೆಯವರಿಗೆ ರಕ್ತದೊತ್ತಡ 148/92 ಬಂದಿದ್ದರಿಂದ ವೈದ್ಯರು ಟೆಲ್ಮಿಸಾರ್ಟನ್ ಬರೆದುಕೊಟ್ಟಿದ್ದಾರೆ. ಮೂರು ವಾರಗಳ ನಂತರ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಒಂದು ತ್ಯಾಜ್ಯ) 1.0ರಿಂದ 1.2ಕ್ಕೆ ಏರಿದೆ. ಮಾತ್ರೆಯೇ ಕಿಡ್ನಿಯನ್ನು ಹಾಳುಮಾಡುತ್ತಿದೆಯೇ, ಪರಿಚಯದವರು ತೆಗೆದುಕೊಳ್ಳುವ ಆಮ್ಲೋಡಿಪಿನ್‌ಗೆ ಬದಲಾಯಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಮಧುಮೇಹಿಗಳ ಚಿಕಿತ್ಸೆಯೇ ವೃತ್ತಿಯಾಗಿರುವ ನನಗೆ ನೀವು ಕೊಟ್ಟ ವಿವರಗಳಲ್ಲಿ ಮುಖ್ಯವಾದ ಒಂದು ಅಂಕಿ ಕಾಣಿಸುತ್ತಿಲ್ಲ: ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಹೋಗುತ್ತಿದೆ?

ಮಾತ್ರೆಯ ಆಯ್ಕೆಗೆ ಸಕ್ಕರೆಯ ಮಟ್ಟಕ್ಕಿಂತ ಈ ಅಂಕಿಯೇ ಹೆಚ್ಚು ಮುಖ್ಯ. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಗ್ರಾಂಗೆ 30 ಮಿಲಿಗ್ರಾಂ ದಾಟಿದ್ದು, ಮತ್ತೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ, ರಾಮಿಪ್ರಿಲ್, ಎನಲಾಪ್ರಿಲ್ ಸೇರಿದ ಎಸಿಇ ಗುಂಪು ಇಲ್ಲವೇ ಟೆಲ್ಮಿಸಾರ್ಟನ್, ಲೊಸಾರ್ಟನ್ ಸೇರಿದ ಎಆರ್‌ಬಿ ಗುಂಪಿನ ಮಾತ್ರೆಗೆ ಮೊದಲ ಸ್ಥಾನ. 300 ದಾಟಿದ್ದರಂತೂ ಚರ್ಚೆಗೆ ಹೆಚ್ಚು ಎಡೆಯಿಲ್ಲ. 2001ರಲ್ಲಿ ಪ್ರಕಟವಾದ ಐಡಿಎನ್‌ಟಿ ಅಧ್ಯಯನ ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು: ಟೈಪ್ 2 ಮಧುಮೇಹದಿಂದ ಮೂತ್ರಪಿಂಡಕ್ಕೆ ಹಾನಿಯಾಗಿದ್ದವರಲ್ಲಿ ಟೆಲ್ಮಿಸಾರ್ಟನ್ ಗುಂಪಿನದೇ ಆದ ಇರ್ಬೆಸಾರ್ಟನ್ ಮತ್ತು ಆಮ್ಲೋಡಿಪಿನ್ ಎರಡೂ ಒತ್ತಡವನ್ನು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಸಿದರೂ ಮೂತ್ರಪಿಂಡವನ್ನು ಹೆಚ್ಚು ಕಾಪಾಡಿದ್ದು ಇರ್ಬೆಸಾರ್ಟನ್. ಆಲ್ಬುಮಿನ್ ಸೋರಿಕೆಯೂ ಇಲ್ಲ, ಹೃದ್ರೋಗವೂ ಇಲ್ಲ ಎಂದಾದರೆ ಆಮ್ಲೋಡಿಪಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆಯಾದ ಕ್ಲೋರ್ಥಾಲಿಡೋನ್‌ನಿಂದ ಆರಂಭಿಸುವುದರಲ್ಲಿ ತಪ್ಪಿಲ್ಲ.

ಇನ್ನು ನಿಮ್ಮನ್ನು ಹೆದರಿಸಿರುವ ಕ್ರಿಯಾಟಿನಿನ್. ಮೂತ್ರಪಿಂಡದ ಪ್ರತಿಯೊಂದು ಸೋಸುಗಂಟಿಗೂ ರಕ್ತ ಒಳಬರುವ ಒಂದು ಸಣ್ಣ ನಾಳ, ಹೊರಹೋಗುವ ಇನ್ನೊಂದು ನಾಳ ಇರುತ್ತವೆ. ಮಧುಮೇಹದಲ್ಲಿ ಗಂಟಿನೊಳಗಿನ ಒತ್ತಡ ಮಿತಿಮೀರಿ, ವರ್ಷಗಟ್ಟಲೆ ಹಾಗೆಯೇ ಉಳಿದು, ಸೋಸುವ ಪೊರೆಯನ್ನೇ ಸವೆಸುತ್ತದೆ. ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಸಡಿಲಿಸುವುದರಿಂದ ಆ ಒತ್ತಡ ತಗ್ಗುತ್ತದೆ. ಸೋಸುವ ವೇಗವೂ ತುಸು ತಗ್ಗಿ, ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಅಂದರೆ ನೀವು ಹಾನಿಯೆಂದು ಭಾವಿಸಿರುವ ಏರಿಕೆ ಬಹುಮಟ್ಟಿಗೆ ಮಾತ್ರೆ ತನ್ನ ಕೆಲಸ ಮಾಡುತ್ತಿರುವುದರ ಗುರುತು. ಆರಂಭದ ವಾರಗಳಲ್ಲಿ ಶೇಕಡಾ 30ರವರೆಗಿನ ಏರಿಕೆಯನ್ನು ಒಪ್ಪಿಕೊಳ್ಳಲಾಗುತ್ತದೆ. ನಿಮ್ಮ ತಂದೆಯವರದು ಶೇಕಡಾ 20. ಏರಿಕೆ ಶೇಕಡಾ 30 ಮೀರಿದರೆ ಅಥವಾ ಪೊಟ್ಯಾಸಿಯಂ 5.5 ದಾಟಿದರೆ ವೈದ್ಯರು ಕಾರಣ ಹುಡುಕಲೇಬೇಕು. ವರದಿಯಲ್ಲಿ ಪೊಟ್ಯಾಸಿಯಂ ಇಲ್ಲದಿದ್ದರೆ ಕೇಳಿ ಮಾಡಿಸಿ. ವಾಂತಿ, ಭೇದಿಯಿಂದ ದೇಹ ಒಣಗಿದ ದಿನಗಳಲ್ಲಿ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂಬುದನ್ನೂ ಈಗಲೇ ಕೇಳಿಟ್ಟುಕೊಳ್ಳಿ. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ಅಭ್ಯಾಸವಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಅವು ಈ ಮಾತ್ರೆಯೊಂದಿಗೆ ಸೇರಿದಾಗ ಮೂತ್ರಪಿಂಡಕ್ಕೆ ನಿಜವಾಗಿಯೂ ಪೆಟ್ಟು ಬೀಳಬಹುದು.

ಬಹಳಷ್ಟು ಮಧುಮೇಹಿಗಳಲ್ಲಿ 130/80ಕ್ಕಿಂತ ಕೆಳಗೆ ತರುವ ಗುರಿಗೆ ಒಂದೇ ಮಾತ್ರೆ ಸಾಲುವುದಿಲ್ಲ. ಆಗ ಟೆಲ್ಮಿಸಾರ್ಟನ್ ಜೊತೆಗೇ ಆಮ್ಲೋಡಿಪಿನ್ ಸೇರಿಸುವುದು ಸಾಮಾನ್ಯವಾದ್ದರಿಂದ ಇವೆರಡರ ನಡುವೆ ಜಗಳವೇ ಇಲ್ಲ. ಕೂಡದ್ದು ಟೆಲ್ಮಿಸಾರ್ಟನ್ ಮತ್ತು ರಾಮಿಪ್ರಿಲ್ ಜೋಡಿ: ಇದರಿಂದ ಲಾಭ ಹೆಚ್ಚದೆ ಅಡ್ಡಪರಿಣಾಮಗಳಷ್ಟೇ ಹೆಚ್ಚುತ್ತವೆ ಎಂಬುದನ್ನು 2008ರ ಆನ್‌ಟಾರ್ಗೆಟ್ ಅಧ್ಯಯನ ತೋರಿಸಿತು. ಹೃದಯದ ಕಾರಣಕ್ಕೆ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಬೇಕಾದರೆ, ಸಕ್ಕರೆ ಕುಸಿದಾಗ ಆಗುವ ಎದೆಬಡಿತ, ನಡುಕಗಳನ್ನು ಅದು ಮರೆಮಾಚಬಹುದು. ಬೆವರು ಮಾತ್ರ ಸುಳಿವು ಕೊಡುತ್ತದೆ. ಇದನ್ನು ಓದುವ ಗರ್ಭಿಣಿಯರು ಎಸಿಇ, ಎಆರ್‌ಬಿ ಎರಡನ್ನೂ ಸೇವಿಸುವಂತಿಲ್ಲ.

ಮುಂದಿನ ಭೇಟಿಯಲ್ಲಿ ಒತ್ತಡವನ್ನು ಕೂತಾಗಲಷ್ಟೇ ಅಲ್ಲ, ಎದ್ದು ನಿಂತ ನಂತರವೂ ಅಳೆಯುವಂತೆ ಕೇಳಿಕೊಳ್ಳಿ. ದೀರ್ಘಕಾಲದ ಮಧುಮೇಹದಿಂದ ನರಗಳು ಸೊರಗಿರುವವರಲ್ಲಿ ನಿಂತೊಡನೆ ಮೇಲಿನ ಅಂಕಿ 20ರಷ್ಟು ಕುಸಿಯಬಹುದು. ಅಂಥವರಿಗೆ ಎರಡನೆಯ ಮಾತ್ರೆ ಸೇರಿಸುವಾಗ ವೈದ್ಯರು ಅವಸರ ಮಾಡುವುದಿಲ್ಲ. ಅಲ್ಲಿಯವರೆಗೆ ಟೆಲ್ಮಿಸಾರ್ಟನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.