ಸೊಸೈಟಿಯ ಸಾಫ್ಟ್‌ವೇರ್ ಎರಡು ಸಲ ಮೂಲೆ ಸೇರಿದ್ದು ಯಾಕೆ?

ನಿಮ್ಮ ಪ್ರಶ್ನೆ ಇದು: "ತೀರ್ಥಹಳ್ಳಿ ಕಡೆಯ ಅಡಿಕೆ ಸೊಸೈಟಿ ನಮ್ಮದು. ಎರಡು ಸಲ ಸಾಫ್ಟ್‌ವೇರ್ ಮಾಡಿಸಿದೆವು, ಎರಡೂ ಮೂಲೆ ಸೇರಿದವು. ಮೂರನೇ ಸಲ ಬೆಂಗಳೂರಿನ ದೊಡ್ಡ ಕಂಪನಿಗೆ ಕೊಟ್ಟರೆ ಸರಿಹೋಗುತ್ತಾ? ಐಟಿ ಪ್ರಾಜೆಕ್ಟ್‌ಗಳು ಯಾಕೆ ಸೋಲುತ್ತವೆ?"

ಕಂಪನಿ ಬದಲಿಸಿದ ಮಾತ್ರಕ್ಕೆ ಸರಿಹೋಗಲ್ಲ. ಶಿವಮೊಗ್ಗದಲ್ಲಿ ಸಿಸ್ಟಮ್ಸ್ ಕನ್ಸಲ್ಟೆಂಟ್ ಅಂತ ನಾನು ಮಾಡುವುದು, ಕೋಡ್ ಬರೆಯುವವರಿಗೂ ಲೆಕ್ಕ ಬರೆಯುವವರಿಗೂ ನಡುವೆ ನಿಲ್ಲುವ ಕೆಲಸ. ಕೋಡ್ ಕೆಟ್ಟು ಪ್ರಾಜೆಕ್ಟ್ ಬೀಳುವುದು ಕಡಿಮೆ. ಆಡಳಿತ ಮಂಡಳಿ ಮಾಡಬೇಕಾದ ತೀರ್ಮಾನವನ್ನು ಯಾರೂ ಮಾಡುವುದಿಲ್ಲ. ಅದು ಜಾರಿ ಜಾರಿ ಕೊನೆಗೆ ಪ್ರೋಗ್ರಾಮರನ ಮಡಿಲಿಗೆ ಬೀಳುತ್ತದೆ. ಆತ ಮಂಡಿ ಕಂಡವನಲ್ಲ, ತನಗೆ ಸರಿ ಅನ್ನಿಸಿದ್ದನ್ನು ಬರೆದು ಮುಗಿಸುತ್ತಾನೆ.

ಸಣ್ಣ ಲೆಕ್ಕ ನೋಡಿ. ರಾಶಿ ಅನ್ನುವ ದರ್ಜೆಯ ಅಡಿಕೆ ಕ್ವಿಂಟಾಲಿಗೆ 48,599 ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬ ರೈತನ ಎರಡು ಲಾಟ್, 64 ಕೆಜಿ ಮತ್ತು 62 ಕೆಜಿ. ಮೊದಲನೆಯದು 31,103.36, ಎರಡನೆಯದು 30,131.38. ಲಾಟ್ ಲಾಟಿಗೂ ಪೈಸೆ ಬಿಟ್ಟರೆ ಒಟ್ಟು 61,234. ಕೂಡಿಸಿದ ಮೇಲೆ ಪೂರ್ಣ ರೂಪಾಯಿಗೆ ತಂದರೆ 61,235. ಒಂದು ರೂಪಾಯಿ ಅಂತ ನಗಬೇಡಿ. ದಿನಕ್ಕೆ ನೂರಾರು ಬಿಲ್ ಆದಾಗ ಸಂಜೆ ಕ್ಯಾಶ್ ತಾಳೆ ಆಗುವುದಿಲ್ಲ, ಗುಮಾಸ್ತರು "ಕಂಪ್ಯೂಟರ್ ಲೆಕ್ಕ ತಪ್ಪು" ಅಂತ ಹಳೇ ಪುಸ್ತಕ ತೆಗೆಯುತ್ತಾರೆ. ಅಲ್ಲಿಗೆ ಆ ಪ್ರಾಜೆಕ್ಟ್ ಕಥೆ ಮುಗಿಯಿತು. ಯಾವುದು ಸರಿ ಅಂತ ಯಾರೋ ಒಬ್ಬರು ಮೊದಲೇ ಬರೆದು ಸಹಿ ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ.

ಇಂಥವು ಇನ್ನೂ ಹತ್ತಾರಿವೆ. ಚೀಲದ ತೂಕ ಎಷ್ಟು ಕಳೆಯಬೇಕು? ವಖಾರಿಯಲ್ಲಿ ಇಟ್ಟ ಮಾಲು ಒಣಗಿ ತೂಕ ಇಳಿದರೆ ಆ ನಷ್ಟ ಯಾರದು? (ತೂಕಕ್ಕೆ ಒಂದೇ ಖಾನೆ ಇರುವ ಸಾಫ್ಟ್‌ವೇರನ್ನು ಮುಟ್ಟಲೇಬೇಡಿ, ಇಳಿಸಿದ ತೂಕ ಬೇರೆ, ಮಾರಿದ ತೂಕ ಬೇರೆ.) ಮುಂಗಡ ಮುರಿದುಕೊಳ್ಳುವಾಗ ಮೊದಲು ಬಡ್ಡಿಗೋ ಅಸಲಿಗೋ? ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಒಬ್ಬನ ಸಾಲವನ್ನು ಇನ್ನೊಬ್ಬನ ಬೆಳೆಯಿಂದ ಮುರಿಯಬಹುದೇ? ಇವೆಲ್ಲ ಹಿರಿಯ ಗುಮಾಸ್ತರ ತಲೆಯಲ್ಲಿವೆ, ಬೈಲಾದಲ್ಲಿಲ್ಲ. ಹೊರಗೆ ತರಲು ಮೀಟಿಂಗ್ ಕರೆದು ಪ್ರಯೋಜನವಿಲ್ಲ, ಎಲ್ಲರೂ "ಮಾಮೂಲಿ ಥರನೇ" ಅನ್ನುತ್ತಾರೆ. ಕಳೆದ ವರ್ಷದ ಬಿಲ್ ಕಟ್ಟಿನಿಂದ ಅತಿ ಹೆಚ್ಚು ಕಾಟು ಹೊಡೆದು ತಿದ್ದಿದ 50 ಬಿಲ್ ಆರಿಸಿ. ಪ್ರತಿ ತಿದ್ದುಪಡಿಯ ಹಿಂದೆ ಬರೆಯದ ಒಂದು ನಿಯಮ ಇರುತ್ತದೆ. ಅದೇ 50 ಬಿಲ್ ಮುಂದೆ ಪರೀಕ್ಷೆಗೂ ಬರುತ್ತವೆ: ಹೊಸ ಸಾಫ್ಟ್‌ವೇರ್ ಅವನ್ನು ಪೈಸೆ ಬಿಡದೆ ಮಾಡಿ ತೋರಿಸಲಿ.

ಎರಡನೆಯ ಹೊಂಡ ಹಳೇ ಡೇಟಾ. "ಎಕ್ಸೆಲ್‌ನಲ್ಲಿ ಎಲ್ಲಾ ಇದೆ, ಎರಡು ದಿನದ ಕೆಲಸ" ಅಂತ ಕೊಟೇಶನ್‌ನಲ್ಲಿ ಒಂದೇ ಸಾಲು ಇರುತ್ತದೆ. ಸರ್ವೆ ನಂಬರ್ 12/3 ಅಂತ ಬಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಡುತ್ತದೆ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಇಡಬೇಕು, ಬಡಿದ ಮೇಲೆ ಬದಲಿಸಿದರೆ ಮೂಲ ಸಂಖ್ಯೆ ವಾಪಸ್ ಬರಲ್ಲ. ಸದಸ್ಯರ ಪಟ್ಟಿ ಹಳೇ ನುಡಿ ತಂತ್ರಾಂಶದಲ್ಲಿದ್ದರೆ ಅದು ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಪರಿವರ್ತಿಸಬೇಕು. ಅದರಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಕನ್ವರ್ಟರ್ ಒರಟಾದರೆ ನಿಮ್ಮ ತೀರ್ಥಹಳ್ಳಿಯೇ ಮೊದಲು ಕೆಡುವುದು. ಯೂನಿಕೋಡ್ ಆದಮೇಲೂ ಗ್ರಹಚಾರ ಬಿಡಲ್ಲ: ಹೊಸನಗರದ "ಹೊ"ವನ್ನು ಒಂದೇ ಒತ್ವವಾಗಿಯೂ ಉಳಿಸಬಹುದು, ಎತ್ವ ಊತ್ವ ಎರಡು ಚಿಹ್ನೆಯಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಒಂದು ಸಿಗಲ್ಲ. ಎಲ್ಲ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಅಕ್ಷರವನ್ನು ಒಂದೇ ಚಿಹ್ನೆಯಾಗಿ ಉಳಿಸುವ ಯೂನಿಕೋಡ್ ಕ್ರಮ) ತಂದೇ ಉಳಿಸಿ ಅಂತ ಒಪ್ಪಂದದಲ್ಲೇ ಬರೆಸಿ. ಇನ್ನು ಒಂದೇ ಊರಲ್ಲಿ ನಾಲ್ಕು ಮಂಜಪ್ಪ ಇದ್ದರೆ ಬೇರ್ಪಡಿಸುವುದು ತಂದೆಯ ಹೆಸರು ಮತ್ತು ಸದಸ್ಯತ್ವ ಸಂಖ್ಯೆ. ಆ ಕೆಲಸ ನಿಮ್ಮವರೇ ಕೂತು ಮಾಡಬೇಕು, ಯಾವ ಕಂಪನಿಯಿಂದಲೂ ಆಗದು.

ಕರೆಂಟು, ನೆಟ್‌ವರ್ಕ್ ಬಗ್ಗೆ ನಿಮಗೆ ಹೇಳಬೇಕಿಲ್ಲ. ಯುಪಿಎಸ್ ಕಂಪ್ಯೂಟರಿಗೆ ಕೊಟ್ಟು ರೂಟರ್ ಮರೆಯುತ್ತಾರೆ, ಅಷ್ಟು ನೋಡಿಕೊಳ್ಳಿ. ನೆಟ್ ಇಲ್ಲದಿದ್ದರೂ ಬಿಲ್ ಆಗಬೇಕು, ಅದಕ್ಕೆ ಪ್ರತಿ ಕೌಂಟರಿಗೂ ಬಿಲ್ ನಂಬರಿನ ಬೇರೆ ಸರಣಿ ಕೊಡಿ. ಇಲ್ಲದಿದ್ದರೆ ನೆಟ್ ಬಂದಾಗ ಎರಡು ಬಿಲ್‌ಗೆ ಒಂದೇ ನಂಬರ್. ಜಿಎಸ್‌ಟಿ ನಿಯಮದಲ್ಲಿ ಹಲವು ಸರಣಿಗೆ ಅಡ್ಡಿಯಿಲ್ಲ, ಸಂಖ್ಯೆ 16 ಅಕ್ಷರ ಮೀರಬಾರದು ಅಷ್ಟೇ.

ಈಗ ಹಳೆಯದನ್ನು ಬಿಟ್ಟು ಹೊಸದಕ್ಕೆ ದಾಟುವ ದಿನ. ನಿಮ್ಮವು ಎರಡೂ ಇಲ್ಲೇ ಬಿದ್ದಿರಬೇಕು ಅನ್ನುವುದು ನನ್ನ ಊಹೆ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತನ್ನ 52 ಲಕ್ಷ ಗ್ರಾಹಕರನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ಸುಮಾರು 19 ಲಕ್ಷ ಜನಕ್ಕೆ ಖಾತೆ ತೆರೆಯಲಾಗಲಿಲ್ಲ. ದುಡ್ಡೂ ಜನವೂ ಬೇಕಾದಷ್ಟಿದ್ದ ಬ್ಯಾಂಕಿನ ಪಾಡು ಅದು. ಪಹಣಿಯನ್ನು ಕಂಪ್ಯೂಟರಿಗೆ ತಂದ ನಮ್ಮದೇ ರಾಜ್ಯದ ಭೂಮಿ ಯೋಜನೆ ತದ್ವಿರುದ್ಧ: ತಾಲ್ಲೂಕು ತಾಲ್ಲೂಕಾಗಿ ಹೋದರು, ಒಂದು ತಾಲ್ಲೂಕಲ್ಲಿ ಗಣಕೀಕೃತ ಪಹಣಿ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸರ್ಕಾರವೇ ಘೋಷಿಸಿತು. ಎರಡು ಪಹಣಿ ಇದ್ದರೆ ಜನ ತಮಗೆ ಅನುಕೂಲವಾದದ್ದನ್ನು ಹಿಡಿಯುತ್ತಾರೆ.

ನೀವೂ ಮೊದಲು ಒಂದೇ ಶಾಖೆ ಅಥವಾ ಒಂದೇ ಕೌಂಟರ್ ತೆಗೆದುಕೊಳ್ಳಿ. ಪುಸ್ತಕ, ಕಂಪ್ಯೂಟರ್ ಎರಡೂ ಒಟ್ಟಿಗೆ ಎರಡು ವಾರ, ಅದಕ್ಕಿಂತ ಹೆಚ್ಚು ಬೇಡ. ಎರಡೆರಡು ಸಲ ಬರೆದು ಬೇಸತ್ತವರು ಮೂರನೇ ವಾರಕ್ಕೆ ಒಂದನ್ನು ನೋಡಿ ಇನ್ನೊಂದನ್ನು ತುಂಬುತ್ತಾರೆ, ಆಗ ತಾಳೆ ನೋಡುವುದಕ್ಕೆ ಅರ್ಥವಿಲ್ಲ. ಪ್ರತಿ ಸಂಜೆ ಮೂರೇ ಅಂಕಿ: ಚೀಲ, ತೂಕ, ಹಣ. ಹದಿನೈದನೇ ದಿನ ಪುಸ್ತಕ ಕಾರ್ಯದರ್ಶಿಯ ಬೀರುವಿಗೆ, ಬೀಗದ ಕೈ ಅವರ ಜೇಬಿಗೆ.

ಏಪ್ರಿಲ್ 1ಕ್ಕೆ ಶುರು ಮಾಡೋಣ ಅಂತ ಆಡಿಟರ್ ಹೇಳುತ್ತಾರೆ. ಒಪ್ಪಬೇಡಿ, ವರ್ಷದ ಲೆಕ್ಕ ಮುಗಿಸುವ ಗಲಾಟೆಯಲ್ಲಿ ಇದು ಬೇಡ. ಜೂನ್ 30ರ ಶಿಲ್ಕು ಹಿಡಿದು ಜುಲೈ 1ಕ್ಕೆ ಹೊರಡಿ. ರೈತರೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿರುತ್ತಾರೆ, ಕೌಂಟರ್ ಖಾಲಿ. ಮಳೆಯಲ್ಲಿ ಕರೆಂಟು ಹೋಗಿ ಬಂದು ಯಂತ್ರಗಳ ಪರೀಕ್ಷೆಯೂ ಆಗುತ್ತದೆ. ಹೊಸ ಕೊಯ್ಲಿನ ಮಾಲು ಬರುವ ಹೊತ್ತಿಗೆ ಕೈ ಪಳಗಿರುತ್ತದೆ.

ದುಡ್ಡು ಕೊಡುವ ಕ್ರಮ ಕೊನೆಗೆ. ಡೆಮೊ ನೋಡಿ ಕಂತು ಕೊಡಬೇಡಿ. ಒಂದು ಕಂತು ಆ 50 ಬಿಲ್ ಪಾಸಾದಾಗ, ಒಂದು ಎರಡು ವಾರದ ತಾಳೆ ಮುಗಿದಾಗ, ಒಂದು ಮೊದಲ ಸುಗ್ಗಿ ದಾಟಿದ ಮೇಲೆ. ಈ ಮೂರಕ್ಕೆ ಒಪ್ಪುವವರು ಶಿವಮೊಗ್ಗದಲ್ಲಿ ಇಬ್ಬರೇ ಕೂತು ನಡೆಸುವ ಅಂಗಡಿಯಾದರೂ ಕೆಲಸ ಕೊಡಿ. ಬ್ಯಾಕಪ್ ಇದೆ ಅಂತ ಅವರು ಹೇಳಿದಾಗ ಇನ್ನೊಂದು ಕಂಪ್ಯೂಟರ್ ಮುಂದಿಟ್ಟು, ಅದರಲ್ಲಿ ನಿನ್ನೆಯ ಲೆಕ್ಕ ತೆರೆದು ತೋರಿಸಿ ಅನ್ನಿ.