ವೆಬ್ ಪುಟಕ್ಕೂ ಬಂಡೆ ಹತ್ತಲೇಬೇಕು

ಮಾನ್ಯರೇ,

ಪದವಿ ತರಗತಿಯ ಭೂವಿಜ್ಞಾನವನ್ನು ವಿದ್ಯಾರ್ಥಿಗಳೇ ಕಟ್ಟುವ ವೆಬ್ ಪುಟಗಳ ಮೂಲಕ ಕಲಿಸಬಹುದೆಂಬ ನಮ್ಮ ಲೇಖನ ಓದಿ, "ಸುತ್ತಿಗೆ ಹಿಡಿಯಬೇಕಾದ ಕೈಗೆ ಮೌಸ್ ಕೊಟ್ಟರೆ ನಕಲು ಮಾಡುವುದನ್ನಷ್ಟೇ ಕಲಿಯುತ್ತಾರೆ" ಎಂದು ಬರೆದಿದ್ದೀರಿ. ಬಹುಕಾಲ ಪಾಠ ಹೇಳಿದವರ ಆತಂಕವಿದು, ತಳ್ಳಿಹಾಕುವಂಥದ್ದಲ್ಲ.

ಆದರೆ ನಕಲಿಗೆ ದಾರಿಯಾಗುವುದು ನಾವು ಕೊಡುವ ವಿಷಯ. 'ಜ್ವಾಲಾಮುಖಿಗಳು' ಎಂದು ಕೊಟ್ಟರೆ ಕಾಗದದ ಮೇಲಾದರೂ ಅಷ್ಟೆ, ಪರದೆಯ ಮೇಲಾದರೂ ಅಷ್ಟೆ, ಎಲ್ಲರದೂ ಒಂದೇ ಬರಹ. 'ಲಾಲ್‌ಬಾಗ್ ಬಂಡೆಯ ಮೇಲೆ ಒಂದು ಚದರ ಮೀಟರ್ ಜಾಗ ಆರಿಸಿಕೋ, ಅಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಹೇಳು' ಎಂದು ಕೇಳಿ ನೋಡಿ. ಪಟ್ಟೆಪಟ್ಟೆಯಾದ ಆ ಶಿಲೆಗೆ ಪೆನಿನ್ಸುಲರ್ ನೈಸ್ ಎಂದು 1916ರಲ್ಲಿ ಭೂವಿಜ್ಞಾನಿ ಸ್ಮೀತ್ ಹೆಸರಿಟ್ಟದ್ದು, ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂಬುದು ಎಲ್ಲಿ ಬೇಕಾದರೂ ಸಿಗುತ್ತದೆ. ಆ ಒಂದು ಚದರ ಮೀಟರಿನ ಕಥೆ ಮಾತ್ರ ಎಲ್ಲೂ ಸಿಗದು, ಮೊಣಕಾಲೂರಿ ನೋಡಲೇಬೇಕು.

ನೋಡಿದರೆ ಕಾಣುವುದೇನು? ಬೆಣಚು (ಕ್ವಾರ್ಟ್ಜ್), ಫೆಲ್ಡ್‌ಸ್ಪಾರ್ ಎಂಬ ಖನಿಜಗಳ ತಿಳಿ ಪಟ್ಟೆ, ಪಕ್ಕದಲ್ಲೇ ಕಪ್ಪು ಅಭ್ರಕ ತುಂಬಿದ ಪಟ್ಟೆ. ಅವನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋದ ಬಿಳಿಯ ಎಳೆಯೊಂದು ಕಂಡರೆ, ಅದು ಪಟ್ಟೆಗಳಿಗಿಂತ ಕಿರಿಯದು. ವಿದ್ಯಾರ್ಥಿನಿ ಅಳತೆ ತಿಳಿಯಲೆಂದು ಪಕ್ಕದಲ್ಲಿ ಪೆನ್ನಿಟ್ಟು ಫೋಟೊ ತೆಗೆಯುತ್ತಾಳೆ, ಉತ್ತರ ದಿಕ್ಕು ಗುರುತಿಸುತ್ತಾಳೆ, ಚಿತ್ರದ ಮೇಲೆ ಗೆರೆ ಎಳೆದು ಕಾರಣ ಬರೆಯುತ್ತಾಳೆ. ಪುಟ ನೋಡಿದ ಸಹಪಾಠಿ, "ಎಳೆ ಪಟ್ಟೆಯನ್ನು ಕತ್ತರಿಸಿದೆಯೋ, ಪಟ್ಟೆಯ ಜೊತೆ ತಾನೂ ಮಡಿಚಿಕೊಂಡಿದೆಯೋ?" ಎಂದು ಕೇಳಿದರೆ ಇಬ್ಬರೂ ಮತ್ತೆ ಬಂಡೆಗೇ ಹೋಗಬೇಕು. ಮೌಲ್ಯಮಾಪಕರೊಬ್ಬರು ಓದಿ ಕಟ್ಟು ಕಟ್ಟಿಡುವ ಉತ್ತರಪತ್ರಿಕೆಯಿಂದ ಈ ಜಗಳ ಹುಟ್ಟುವುದಿಲ್ಲ. ನನಗೆ ಈ ಪದ್ಧತಿ ಹಿಡಿಸಿರುವುದೇ ಇದಕ್ಕಾಗಿ.

ಬೆಂಗಳೂರೇ ಬೇಕೆಂದಿಲ್ಲ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿದೆ, ಬಾದಾಮಿಯ ಮರಳುಗಲ್ಲಿದೆ. ಚಾಮರಾಜನಗರದ ಕಡೆಯಿಂದ ಬರುವ 'ಕಪ್ಪು ಗ್ರಾನೈಟ್' ನಿಜಕ್ಕೂ ಗ್ರಾನೈಟ್ ಅಲ್ಲ, ಡಾಲರೈಟ್ ಎಂಬ ಬೇರೊಂದು ಶಿಲೆ ಎಂಬುದನ್ನು ಕಲ್ಲಿನಂಗಡಿಯಲ್ಲೇ ಪತ್ತೆಹಚ್ಚಿಸಬಹುದು.

ಸುತ್ತಿಗೆಯ ಮಾತು: ಲಾಲ್‌ಬಾಗ್ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಸುತ್ತಿಗೆ ಎತ್ತಬಾರದು. ಆದರೂ ಖನಿಜವನ್ನು ಚಾಕುವಿನಿಂದ ಗೀರಿ ಗಡಸುತನ ಅರಿಯುವುದು, ಅಂಗೈಯಲ್ಲಿ ತೂಗಿ ನೋಡುವುದು ಯಾವ ಪುಟದಿಂದಲೂ ಬಾರದು. ಪ್ರಾಯೋಗಿಕ ತರಗತಿಯ ಒಂದು ಗಂಟೆಯನ್ನೂ ವೆಬ್ ಪುಟಕ್ಕಾಗಿ ಕಡಿತಗೊಳಿಸಬಾರದೆಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪುಟದ ಅಂದಚೆಂದಕ್ಕೂ ಅಂಕ ಕೊಡಬಾರದು.

ನೀವು ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ ಜಾಗಗಳನ್ನೂ ಅಲ್ಲಿ ನಿಂತು ಕೇಳುತ್ತಿದ್ದ ಪ್ರಶ್ನೆಗಳನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ